ಮಗಳಿಗೊಂದು ಪತ್ರ: ಆ ಕಥೆ ನಿಂದೇ

ಪುಟ್ಟಿ,

ನೀನು ಬರೆದು ಹರಿದು ಎಸೆದಿದ್ದ ಕಥೆಯ ಪೇಜ್‌ಗಳನ್ನ ಡಸ್ಟ್‌ಬಿನ್ನಿಂದ ತೆಗೆದು ಟೇಪ್ ಹಾಕಿ ಅಂಟಿಸಿದೀನಿ, ಕೋಪ ಮಾಡ್ಕೋಬೇಡ. ಇದೆಲ್ಲಾ ಓದಿದ ಪುಸ್ತಕದಿಂದ ಎತ್ತಿದ್ದು ಅಂತ ಯಾರೋ ಅಂದಿದ್ದಕ್ಕೆ ಎರಡು ದಿನದಿಂದ ನೀನು ನೆಟ್ಟಗೆ ಮಾತಾಡಿಲ್ಲ, ನಾನು ಬಾಯಿ ತೆಗೆದ್ರೆ ಎದ್ದು ಹೋಗ್ತೀಯ, ಅದಕ್ಕೇ ಬರೀತಿದೀನಿ.

ಲೈಟ್‌ಹೌಸ್ ಆ ಪುಸ್ತಕದ್ದೇ, ನಂಗೂ ಗೊತ್ತು, ಅದನ್ನ ಕೊಡಿಸಿದ್ದೇ ನಾನು. ಆದ್ರೆ ಅಲ್ಲಿ ದೀಪ ಉರೀತಿರತ್ತೆ. ನಿನ್ನ ಕಥೇಲಿ ದೀಪ ಆರಿಹೋಗಿದೆ, ಹುಡುಗಿ ಕತ್ತಲಲ್ಲಿ ಗೋಡೆ ಹಿಡ್ಕೊಂಡು ಮೆಟ್ಟಿಲು ಎಣಿಸ್ತಾ ಹತ್ತುತಾಳೆ, ನಡುವೆ ಲೆಕ್ಕ ತಪ್ಪಿ ಮತ್ತೆ ಒಂದರಿಂದ ಶುರು ಮಾಡ್ತಾಳೆ. ಆ ಲೆಕ್ಕ ತಪ್ಪಿದ್ದು ಯಾವ ಪುಸ್ತಕದಲ್ಲೂ ಇರ್ಲಿಲ್ಲ ಕಣೇ.

ಇಂಗ್ಲೆಂಡಿನ ಲೇಖಕಿ ಷಾರ್ಲೆಟ್ ಬ್ರಾಂಟೆ ಚಿಕ್ಕವಳಿದ್ದಾಗ ಅವಳ ಮನೇಲಿ ಥಾಮಸ್ ಬ್ಯೂಯಿಕ್ ಮಾಡಿದ ಬ್ರಿಟನ್ನಿನ ಹಕ್ಕಿಗಳ ಪುಸ್ತಕ ಇತ್ತು, ಎರಡು ಸಂಪುಟ, ಮೊದಲ ಸಲ ಅಚ್ಚಾಗಿದ್ದು 1797ರಲ್ಲೊಂದು 1804ರಲ್ಲೊಂದು, ಮರದಲ್ಲಿ ಕೆತ್ತಿ ಅಚ್ಚು ಹಾಕಿದ ಚಿತ್ರಗಳು. ಮಕ್ಕಳೆಲ್ಲಾ ಅದನ್ನ ಮುಂದಿಟ್ಕೊಂಡು ಪೆನ್ಸಿಲ್ಲಲ್ಲಿ ಕಾಪಿ ಮಾಡ್ತಿದ್ರು. ಕಾಪಿನೇ, ಬೇರೆ ಮಾತಿಲ್ಲ. ಆಮೇಲೆ 1847ರಲ್ಲಿ ಅವಳಿಗೆ 31 ವರ್ಷ ಆಗಿದ್ದಾಗ ಅವಳ ಕಾದಂಬರಿ 'ಜೇನ್ ಏರ್' ಬಂತು, ಮೊದಲ ಅಧ್ಯಾಯದಲ್ಲೇ ಹತ್ತು ವರ್ಷದ ಜೇನ್ ಕಿಟಕಿ ಹತ್ರ ಕೆಂಪು ಪರದೆ ಎಳ್ಕೊಂಡು ಕಾಲು ಮಡಚಿ ಕೂತು ಅದೇ ಪುಸ್ತಕದ ಚಿತ್ರ ನೋಡ್ತಿರ್ತಾಳೆ, ನಿರ್ಜನ ಸಮುದ್ರ, ಒಡೆದ ದೋಣಿ, ಉತ್ತರದ ಹಿಮ. ಅವಳ ಕಸಿನ್ ಬಂದು ಅದನ್ನೇ ತಗೊಂಡು ಅವಳ ಮೇಲೆ ಎಸೀತಾನೆ, ಅವಳು ಬಿದ್ದು ಬಾಗಿಲಿಗೆ ತಲೆ ಬಡಿದು ರಕ್ತ ಬರತ್ತೆ. ಅಲ್ಲಿಗೇ ಬಿಟ್ಟಿದ್ರೆ ಸುಮ್ನೆ ಒಂದು ನೆನಪು ಅನ್ಬಹುದಿತ್ತು. ಆದ್ರೆ ಜೇನ್ ದೊಡ್ಡವಳಾದ್ಮೇಲೆ ಅವಳು ಕೆಲಸಕ್ಕಿದ್ದ ಮನೆಯ ಯಜಮಾನ ರಾಚೆಸ್ಟರ್ ಅವಳ ಪೇಂಟಿಂಗ್ಸ್ ನೋಡ್ತಾನಲ್ಲ, ಒಂದರಲ್ಲಿ ಅರ್ಧ ಮುಳುಗಿದ ಹಡಗಿನ ಕಂಬದ ಮೇಲೆ ಕಪ್ಪು ನೀರುಕಾಗೆ, ಅದರ ಕೊಕ್ಕಲ್ಲಿ ಚಿನ್ನದ ಬಳೆ, ಇನ್ನೊಂದರಲ್ಲಿ ಚಳಿಗಾಲದ ಆಕಾಶಕ್ಕೆ ಚುಚ್ಚಿದ ಹಾಗೆ ನಿಂತ ಹಿಮಗುಡ್ಡ. ಹಕ್ಕಿ, ಸಮುದ್ರ, ಹಿಮ ಎಲ್ಲಾ ಆ ಹಳೇ ಪುಸ್ತಕದ ಕಡೆಯಿಂದಾನೇ ಬಂದ ಹಾಗಿದೆ. ಬಳೆ ಮಾತ್ರ ಹಕ್ಕಿಗಳ ಪುಸ್ತಕದ್ದಲ್ಲ, ನೀರಲ್ಲಿ ಮುಳುಗಿದ ಹೆಂಗಸಿನ ಕೈಯಿಂದ ಬಂದಿದ್ದು. ನಂಗೆ ಆ ಬಳೆ ನೆನಪಾದಾಗೆಲ್ಲಾ ಮೈ ಜುಮ್ ಅನ್ನತ್ತೆ.

ಕೊಲಂಬಿಯಾದ ಲೇಖಕ ಮಾರ್ಕೆಸ್‌ಗೂ ಹಿಂಗೇ, ಚಿಕ್ಕವನಿದ್ದಾಗ ಧೂಳು ಹಿಡಿದ ಪೆಟ್ಟಿಗೇಲಿ ಒಂದು ಹರಿದ, ಅರ್ಧಂಬರ್ಧ ಪುಸ್ತಕ ಸಿಕ್ತು. ಅದು ಅರೇಬಿಯನ್ ನೈಟ್ಸ್ ಅಂತ ಗೊತ್ತಾಗೋಕೆ ಎಷ್ಟೋ ವರ್ಷ ಬೇಕಾಯ್ತಂತೆ. ಬಲೆಗೆ ಕಟ್ಟೋ ಸೀಸದ ಗುಂಡು ಸಾಲ ಕೊಟ್ರೆ ಮೊದಲ ಮೀನು ನಿಂಗೇ ಅಂತ ಬೆಸ್ತ ಪಕ್ಕದ ಮನೆಯವಳಿಗೆ ಮಾತು ಕೊಡ್ತಾನೆ, ಅವಳು ಆ ಮೀನು ಕುಯ್ದ್ರೆ ಒಳಗೆ ಬಾದಾಮಿ ಗಾತ್ರದ ವಜ್ರ. ದೊಡ್ಡವನಾದ್ಮೇಲೂ ಆ ಕಥೆ ಅವನಿಗೆ ಮರೆತಿರ್ಲಿಲ್ಲ. ಅಜ್ಜಿ ಹೇಳ್ತಿದ್ದ ಕಥೆಗಳ ಪಾಲು ಇನ್ನೂ ದೊಡ್ಡದು, ನಿಜ, ಆದ್ರೆ 1967ರ ಅವನ ಕಾದಂಬರೀಲಿ ಹಾರೋ ಚಾಪೆ ಬಂದಾಗ ನಂಗೆ ಆ ಪೆಟ್ಟಿಗೇನೇ ಕಣ್ಮುಂದೆ ಬಂತು.

ಈಗ ನಂದು. ನನ್ನ ಕಥೆಗಳಲ್ಲಿ ಯಾವಾಗ್ಲೂ ಯಾಕೆ ಬೀಗ ಹಾಕಿದ ರೂಮ್ ಇರತ್ತೆ ಅಂತ ನೀನು ಕೇಳಿದ್ದೆ, ನಾನು ಹಾರಿಸಿಬಿಟ್ಟಿದ್ದೆ. ಎಂಟು ವರ್ಷದವಳಿದ್ದಾಗ ನನ್ನ ಹತ್ರ ಒಂದು ಪುಸ್ತಕ ಇತ್ತು, ಕೊನೇ ಪೇಜ್‌ಗಳೇ ಇರ್ಲಿಲ್ಲ, ಹುಡುಗಿ ಬೀಗದ ಕೈ ತಿರುಗಿಸ್ತಾಳೆ, ಅಲ್ಲಿಗೆ ಕಾಗದ ಮುಗೀತು. ದಿನಾ ರಾತ್ರಿ ಮಲಗಿ ಬಾಗಿಲ ಹಿಂದೆ ಏನಿದೆ ಅಂತ ಯೋಚ್ನೆ ಮಾಡ್ತಿದ್ದೆ, ಒಂದಿನ ಕುದುರೆ, ಒಂದಿನ ಸತ್ತುಹೋದ ಅಮ್ಮ, ಒಂದಿನ ಇನ್ನೊಂದು ಬಾಗಿಲು. ನೀನು ಹುಟ್ಟಿದ್ಮೇಲೆ ಪೂರ್ತಿ ಪ್ರತಿ ಸಿಕ್ತು. ರೂಮಲ್ಲಿ ಒಂದು ಹಳೇ ಕುರ್ಚಿ, ಅದರ ಮೇಲೆ ಒಂದು ಕಾಗದ, ಅಷ್ಟೇ. ನಾನು ಅತ್ತುಬಿಟ್ಟೆ. ಅಷ್ಟು ಹೊತ್ತಿಗೆ ನಾನು ಆ ಬಾಗಿಲು ಮೂರು ಕಥೇಲಿ ತೆಗೆದಿದ್ದೆ, ಎಲ್ಲಿಂದ ಬಂದಿದ್ದು ಅಂತ ನಂಗೇ ಗೊತ್ತಿಲ್ದೆ.

ಅಂಟಿಸಿದ ಪೇಜ್‌ಗಳು ನಿನ್ನ ಟೇಬಲ್ ಮೇಲಿವೆ. ಆರು ಸಿಕ್ತು, ಏಳನೇದು ಡಸ್ಟ್‌ಬಿನ್ನಲ್ಲೂ ಇಲ್ಲ, ಮಂಚದ ಕೆಳಗೂ ಹುಡುಕಿದೆ. ಅವಳು ಎರಡನೇ ಸಲ ಎಣಿಸೋಕೆ ಶುರು ಮಾಡಿದ್ಮೇಲೆ ಏನಾಯ್ತು ಪುಟ್ಟಿ? ಮೇಲೆ ಯಾರಾದ್ರೂ ಇದ್ರಾ?

ಅಮ್ಮ