ಪೇಟೆಂಟ್ ಕಾಗದ: ಶುಕ್ರವಾರದೊಳಗೆ ತಾಳೆ ನೋಡಿ ತಿಳಿಸಿ

ಎಲ್ಲರಿಗೂ ನಮಸ್ಕಾರ. ಅಡಿಕೆ ಸುಲಿಯುವ ಯಂತ್ರದ ಅರ್ಜಿಯಲ್ಲಿ ಹೆಸರಿರುವ ನಾಲ್ವರಿಗೂ ಈ ಸೂಚನೆ. ಉಳಿದವರು ಸುಮ್ನೆ ಓದಿಟ್ಟುಕೊಳ್ಳಿ, ಮುಂದೆ ಬೇಕಾದೀತು.

ನಮ್ಮ ಕಾಗದಗಳು ಒಂದಕ್ಕೊಂದು ಹೊಂದುತ್ತಿಲ್ಲ. ಒಬ್ಬರ ಇನಿಶಿಯಲ್ ಫಾರಂ 1ರಲ್ಲಿ (ಅರ್ಜಿ) ಹೆಸರಿಗೆ ಮೊದಲು, ಫಾರಂ 5ರಲ್ಲಿ (ಯಂತ್ರ ಕಂಡುಹಿಡಿದವರು ಯಾರೆಂಬ ಘೋಷಣೆ) ಕೊನೆಗೆ. ಇನ್ನೊಬ್ಬರ ಮನೆ ಹೆಸರು ಆಧಾರ್‌ನಲ್ಲಿದೆ, ಫಾರಂನಲ್ಲಿಲ್ಲ. ಬದಿಯಡ್ಕದ ಒಂದೇ ವಿಳಾಸಕ್ಕೆ ಎರಡು ಪಿನ್‌ಕೋಡ್! ಯಂತ್ರದ ಶೀರ್ಷಿಕೆಯೂ ಫಾರಂ 1ರಲ್ಲಿ ಒಂದು, ಫಾರಂ 2ರಲ್ಲಿ (ಯಂತ್ರದ ವಿವರಣೆ) ಇನ್ನೊಂದು.

ಇವೆಲ್ಲ ಸಣ್ಣವು. ನನಗೆ ಜಾಸ್ತಿ ಚಿಂತೆ ಚಿತ್ರಗಳದ್ದು. ಯಂತ್ರದ ಭಾಗಗಳಿಗೆ ಕೊಟ್ಟ ನಂಬರ್‌ಗಳಲ್ಲಿ, ವಿವರಣೆಯಲ್ಲಿ 12 ಅಂದರೆ ಬ್ಲೇಡ್, ಚಿತ್ರದಲ್ಲಿ 12 ಅಂದರೆ ಅಡಿಕೆ ಸುರಿಯುವ ಬಾಯಿ. ಓದುವವರಿಗೆ ಯಂತ್ರವೇ ಅರ್ಥವಾಗಲ್ಲ, ಅಲ್ವಾ? ಚೆನ್ನೈ ಪೇಟೆಂಟ್ ಕಚೇರಿಯಿಂದ ಆಕ್ಷೇಪ ಬರುವುದು ಇಂಥದ್ದಕ್ಕೇ. ಸಲ್ಲಿಸಿದ ಮೇಲೆ ತಿದ್ದಬೇಕಾದರೆ ಫಾರಂ 13 ಹಾಕಬೇಕು, ಶುಲ್ಕ ಕಟ್ಟಬೇಕು. ಆಗಲೂ ಮೊದಲು ಹೇಳದ ಹೊಸ ವಿಷಯ ಸೇರಿಸಲು ಬಿಡುವುದಿಲ್ಲ. ಈಗ ತಿದ್ದಿದರೆ ಪೈಸೆ ಖರ್ಚಿಲ್ಲ.

ಆಧಾರ್ ಎದುರಿಗಿಟ್ಟುಕೊಂಡು ನಿಮ್ಮ ಹೆಸರು, ವಿಳಾಸ ಅಕ್ಷರ ಅಕ್ಷರ ನೋಡಿ. ಆಧಾರೇ ತಪ್ಪಿದ್ದರೆ ಹೇಳಿ, ಮೊದಲು ಅದನ್ನು ಸರಿಮಾಡಿಸೋಣ. ಚಿತ್ರ ಬಿಡಿಸಿದವರು ವಿವರಣೆ ಬರೆದವರ ಜೊತೆ ಕೂತು ಒಂದೇ ನಂಬರ್ ಪಟ್ಟಿ ಮಾಡಿ. ಹಳೆ ಫೈಲ್‌ನಲ್ಲಿ ಯಾರೂ ತಿದ್ದಬೇಡಿ, ಕೊನೆಯ ಪ್ರತಿ ಗುಂಪಿನಲ್ಲಿ ಪಿನ್ ಮಾಡಿದ್ದೇನೆ.

ಪ್ರಾವಿಷನಲ್ (ತಾತ್ಕಾಲಿಕ ವಿವರಣೆಯ) ಅರ್ಜಿ ಹಾಕಿ 12 ತಿಂಗಳೊಳಗೆ ಪೂರ್ಣ ವಿವರಣೆ ಹೋಗಲೇಬೇಕು, ಇಲ್ಲದಿದ್ದರೆ ಅರ್ಜಿ ಬಿಟ್ಟುಕೊಟ್ಟಂತೆ. ಹಾಗಾಗಿ ಶುಕ್ರವಾರ ಸಂಜೆಯೊಳಗೆ ‘ನೋಡಿದೆ, ಸರಿಯಿದೆ’ ಅಥವಾ ‘ಇಲ್ಲಿ ತಪ್ಪಿದೆ’ ಅಂತ ಬರೆಯಿರಿ. ಬರೀ ಹೆಬ್ಬೆರಳಿನ ಇಮೋಜಿ ಒತ್ತಿದರೆ ಲೆಕ್ಕಕ್ಕಿಲ್ಲ. ಆಧಾರ್ ಫೋಟೋ ಗುಂಪಿಗೆ ಹಾಕಬೇಡಿ, ನನಗೆ ಮಾತ್ರ ಕಳಿಸಿ.