ಚೆಸ್ ಕಣಿವೆ ಸುತ್ತಿ ಬಂದ ಮೇಲೆ

ಹ್ಯಾರೋ, ಲಂಡನ್
ಭಾನುವಾರ ರಾತ್ರಿ

ಅಪ್ಪ, ಅಮ್ಮ, ಇಬ್ಬರಿಗೂ ನಮಸ್ಕಾರ.

ನಾನು ಕ್ಷೇಮ. ಫೋನು ಮಾಡಿದರೆ ಊಟಕ್ಕೇನು ಅಂತ ಅಮ್ಮ ಕೇಳೋದರಲ್ಲೇ ಅರ್ಧ ಹೊತ್ತು ಕಳೆದುಹೋಗುತ್ತೆ. ಈ ವಿಷಯ ಸ್ವಲ್ಪ ಉದ್ದ ಇದೆ, ಅದಕ್ಕೇ ಬರೀತಿದ್ದೀನಿ. ತಮ್ಮ ಓದಿ ಹೇಳಲಿ.

ನಿನ್ನೆ ನಮ್ಮ ಮನೆ ಓನರಮ್ಮನ ಜೊತೆ ಚೆಸ್ ಅನ್ನೋ ನದಿಯ ಕಣಿವೆ ಸುತ್ತಿ ಬಂದೆ. ಎಪ್ಪತ್ತು ದಾಟಿದ್ದಾರೆ, ನಡಿಗೆಯಲ್ಲಿ ನಾನೇ ಹಿಂದೆ ಬೀಳ್ತಿದ್ದೆ. ರೈಲಲ್ಲಿ ಹೋಗಿ ಚಾರ್ಲಿವುಡ್‌ನಲ್ಲಿ ಇಳಿದು, ಕಣಿವೆಗಿಳಿದು, ಹೊಳೆಯ ಜೊತೆಗೇ ಲ್ಯಾಟಿಮರ್ ಅನ್ನೋ ಹಳ್ಳಿಯವರೆಗೆ ಹೋಗಿ, ಹೊಳೆ ದಾಟಿ ಚೀನೀಸ್ ಅನ್ನೋ ಊರಿನ ಮೇಲೆ ಹಾದು ಮತ್ತೆ ಅದೇ ಸ್ಟೇಷನ್ನಿಗೆ. ರಜೆ ಬಂತೆಂದರೆ ಇಲ್ಲಿಯವರು ಹೀಗೆ ಸುತ್ತು ಹೊಡೀತಾರೆ. ಅಷ್ಟು ನಡೆದಿದ್ದಕ್ಕೆ ಕೊನೆಗೊಂದು ದೇವಸ್ಥಾನವಾದರೂ ಇತ್ತಾ ಅಂತ ಅಮ್ಮ ಕೇಳ್ತಾರೆ, ಗೊತ್ತು. ಇರಲಿಲ್ಲ. ನಡುದಾರಿಯಲ್ಲಿ ಸ್ಯಾರೆಟ್ ಅನ್ನೋ ಕಡೆ 12ನೇ ಶತಮಾನದ ಚರ್ಚು ಸಿಕ್ಕಿತು, ಅದರ ಹೊರಗಿನ ಬೆಂಚಿನ ಮೇಲೆ ಚಪಾತಿ ತಿಂದೆವು.

ನದಿ ಅಂದರೆ ಕಾವೇರಿ ಅಂದುಕೊಳ್ಳಬೇಡಿ. ಇದರ ಉದ್ದ ಸುಮಾರು 18 ಕಿಲೋಮೀಟರ್ ಅಷ್ಟೆ. ನಮ್ಮೂರ ಕಡೆಯ ಜಯಮಂಗಲಿ ಹೊಳೆಯ ಪಾತ್ರದ ಮುಂದೆ ಇದೊಂದು ಕಾಲುವೆ. ಆದರೆ ಒಂದು ಮರದ ಸೇತುವೆ ಮೇಲೆ ನಿಂತು ಬಗ್ಗಿ ನೋಡಿದೆ: ಮೊಣಕಾಲುದ್ದದ ನೀರು, ತಳದ ಒಂದೊಂದು ಬೆಣಚುಕಲ್ಲೂ ಕಾಣುತ್ತೆ. ಹರಿವಿಗೆ ಎದುರಾಗಿ ಒಂದು ಟ್ರೌಟ್ ಮೀನು ಬಾಲ ಮಾತ್ರ ಆಡಿಸುತ್ತಾ ನಿಂತಲ್ಲೇ ನಿಂತಿತ್ತು. ಅದರ ನೆರಳು ತಳದ ಮೇಲೆ ಬೇರೆಯಾಗಿ ಬಿದ್ದಿತ್ತು, ಅಷ್ಟು ತಿಳಿ.

ಅಪ್ಪ, ಇನ್ನು ಮುಂದಿನದು ನಿಮಗೆ. ಈ ಸೀಮೆಯ ನೆಲದಡಿ ಇರೋದು ಬಿಳೀ ಸುಣ್ಣದ ಕಲ್ಲು, ಸ್ಕೂಲಿನ ಸೀಮೆಸುಣ್ಣದ ಜಾತಿಯದ್ದು. ಚಳಿಗಾಲದಲ್ಲಿ ಬೀಳೋ ಮಳೆಯನ್ನೆಲ್ಲ ಅದು ಒಳಗೆ ಹೀರಿಟ್ಟುಕೊಂಡು ಕಣಿವೆಯ ಬುಡದಲ್ಲಿ ಊಟೆ ಮಾಡಿ ಬಿಡುತ್ತೆ. ಹೊಳೆ ಹರಿಯೋದು ಬಹುಪಾಲು ಆ ಊಟೆ ನೀರಿನಿಂದಲೇ. ಭೂಮಿಯೊಳಗಿಂದ ಬರೋದರಿಂದ ಊಟೆಯ ನೀರು ಬೇಸಿಗೆಯಲ್ಲೂ ಚಳಿಯಲ್ಲೂ ಒಂದೇ ಸಮ, 10-11 ಡಿಗ್ರಿ. ಓನರಮ್ಮ ಇದನ್ನೆಲ್ಲ ಹೇಳ್ತಾ ಇದ್ದರೆ ನನಗೆ ಕಂಡಿದ್ದು ನಮ್ಮ ತಲಪರಿಗೆ, ಮರಳಿನಡಿಯಿಂದ ನೀರು ಜಿನುಗೋ ಆ ಊಟೆ. ಅಲ್ಲಿ ಮರಳು ಮಾಡ್ತಿದ್ದ ಕೆಲಸವನ್ನು ಇಲ್ಲಿ ಸುಣ್ಣದ ಕಲ್ಲು ಮಾಡ್ತಿದೆ. ತಾತ ಕೈಯಲ್ಲಿ ಮರಳು ಬಗೆದು ನೀರು ತೋರಿಸ್ತಿದ್ದದ್ದು, ಅಲ್ಲಿಂದ ಹೊರಟ ಕಾಲುವೆ ಗದ್ದೆಬಯಲಿಗೆ ಹೋಗ್ತಿದ್ದದ್ದು, ವರ್ಷಕ್ಕೊಮ್ಮೆ ಮನೆಗೊಂದಾಳು ಬಂದು ಹೂಳು ತೆಗೀತಿದ್ದದ್ದು, ಎಲ್ಲ ಆ ಮುದುಕಮ್ಮನಿಗೆ ನಾನೂ ಹೇಳಿದೆ.

ಸ್ಯಾರೆಟ್ ಚರ್ಚಿನ ಕೆಳಗೆ ಹೊಳೆ ಪಕ್ಕದಲ್ಲಿ ವಾಟರ್‌ಕ್ರೆಸ್ ಅನ್ನೋ ಸೊಪ್ಪಿನ ಮಡಿಗಳಿವೆ. ನಿಂತ ನೀರಲ್ಲಿ ಅದು ಚೆನ್ನಾಗಿ ಬೆಳೆಯಲ್ಲ, ಊಟೆ ನೀರು ಮಡಿಯಿಂದ ಮಡಿಗೆ ಹರೀತಾ ಇರಬೇಕು. ಖಾರ ಸಾಸಿವೆ ಸೊಪ್ಪಿನದ್ದು. 1889ರಲ್ಲಿ ಈ ಕಡೆಗೆ ರೈಲು ಬಂದ ಮೇಲೆ ಬುಟ್ಟಿಗಟ್ಟಲೆ ಲಂಡನ್ ಮಾರ್ಕೆಟ್ಟಿಗೆ ಹೋಗ್ತಿತ್ತಂತೆ. ಮಸ್ಸೊಪ್ಪಿಗೆ ಹಾಕಬಹುದು ಅನ್ನಿಸ್ತು, ಮಾಡಿ ನೋಡಿ ಅಮ್ಮನಿಗೆ ಹೇಳ್ತೀನಿ.

ಇಷ್ಟು ಚೆಂದದ ಹೊಳೆಯೂ ಒಣಗಿದ್ದಿದೆ. ನದಿ ಹುಟ್ಟೋ ಚೆಶಮ್ ಊರಿನಲ್ಲಿ, ಮಳೆ ಕೈಕೊಟ್ಟ ವರ್ಷಗಳಲ್ಲಿ, ಪಾತ್ರದಲ್ಲಿ ಹುಲ್ಲು ಬೆಳೆದಿತ್ತಂತೆ. ಕುಡಿಯೋ ನೀರಿಗೆ ಅಂತ ಅಲ್ಲೇ ಪಕ್ಕದಲ್ಲಿ ಅಂತರ್ಜಲ ಎತ್ತುತ್ತಿದ್ದರು. ಜನ ವರ್ಷಗಟ್ಟಲೆ ಗಲಾಟೆ ಮಾಡಿ, ಕಡೆಗೆ 2020ರಲ್ಲಿ ಚೆಶಮ್‌ನಲ್ಲಿ ಆ ಪಂಪುಗಳನ್ನು ನಿಲ್ಲಿಸಿದರು. ಊರಿಗೆ ಈಗ ಬೇರೆ ಕಡೆಯಿಂದ ನೀರು ಬರುತ್ತೆ. ಅಷ್ಟಕ್ಕೇ ಎಲ್ಲ ಸರಿಹೋಯಿತು ಅಂತಲ್ಲ, ಕೊಳಚೆ ನೀರು ಬಿಡೋದರ ಬಗ್ಗೆ ಓನರಮ್ಮ ಇಡೀ ದಾರಿ ಬೈಕೊಂಡೇ ಬಂದರು.

ಮಳೆ ಇರೋ ದೇಶ, ಅವರಿಗೇನಮ್ಮ ಅಂತೀರಿ ನೀವು. ಲಂಡನ್ನಿನಲ್ಲಿ ವರ್ಷಕ್ಕೆ ಬೀಳೋದು ಸುಮಾರು 600 ಮಿಲಿಮೀಟರ್. ನಮ್ಮ ಮಧುಗಿರಿ ಕಡೆಗೂ ಹೆಚ್ಚುಕಮ್ಮಿ ಅಷ್ಟೇ! ಇಲ್ಲಿ ತಿಂಗಳುಗಟ್ಟಲೆ ಸಣ್ಣಗೆ ಹನಿಯುತ್ತೆ, ಬಿಸಿಲಿಲ್ಲ, ಇಂಗುತ್ತೆ. ನಮ್ಮಲ್ಲಿ ನಾಲ್ಕು ಸಲ ಹುಯ್ದು ಹರಿದುಹೋಗುತ್ತೆ. ಅದು ನಿಜ. ಆದರೆ ತಾತನ ಕಾಲದಲ್ಲೂ ಹಾಗೇ ಹುಯ್ತಿತ್ತಲ್ಲ? ಇಲ್ಲದೇ ಹೋದದ್ದು ಮರಳು. ಲಾರಿಗಟ್ಟಲೆ ಹೊತ್ತೊಯ್ದರು, ಮೇಲಿಂದ ಎಲ್ಲರೂ ಬೋರು ಕೊರೆಸಿದರು.

ದಾರಿಯ ವಿಷಯ ಮರೆತಿದ್ದೆ. ನಡೆದದ್ದೆಲ್ಲ ರೈತರ ಸ್ವಂತ ಹೊಲಗಳ ಮಧ್ಯೆ. ಗೇಟಿಗೆ ಹಳದಿ ಬಾಣದ ಗುರುತು ಹೊಡೆದಿರ್ತಾರೆ. ನಕ್ಷೆಯಲ್ಲಿ ಕಾಲುದಾರಿ ಅಂತಿದ್ದರೆ ಮಾಲೀಕ ಬೇಲಿ ಹಾಕಿ ತಡೆಯೋ ಹಾಗಿಲ್ಲ, 1949ರ ಕಾನೂನಿನಿಂದ ಅಂಥ ದಾರಿಗಳೆಲ್ಲ ನಕ್ಷೆಗೆ ಏರಿವೆ. ನಮ್ಮ ಗ್ರಾಮ ನಕಾಶೆಯ ಬಂಡಿದಾರಿ ಹಾಗೆ. ಪಕ್ಕದ ಹೊಲದವರ ಜೊತೆ ನೀವು ತಾಲ್ಲೂಕು ಆಫೀಸಿಗೆ ಅಲೆದದ್ದು ನೆನಪಾಯ್ತು. ಇನ್ನೊಂದು ಕಡೆ ದಾರಿ ಪಕ್ಕದಲ್ಲೇ, ಇಟ್ಟಿಗೆ ಸುಡ್ತಿದ್ದ ವಿಲಿಯಂ ಲಿಬರ್ಟಿ ಅನ್ನೋನ ಸಮಾಧಿ. ಚರ್ಚಿನ ಮಣ್ಣು ಬೇಡ, ನನ್ನ ನೆಲದಲ್ಲೇ ಇಡಿ ಅಂದಿದ್ದನಂತೆ. 1777ರಲ್ಲಿ ಸತ್ತ, 1809ರಲ್ಲಿ ಹೆಂಡತಿಯೂ ಅಲ್ಲಿಗೇ ಬಂದಳು. ತಾತನನ್ನು ತೋಟದಲ್ಲಿಟ್ಟಿದ್ದನ್ನು ಹೇಳಿದಾಗ ಓನರಮ್ಮನಿಗೆ ಆಶ್ಚರ್ಯವೇ ಆಗಲಿಲ್ಲ. ಲ್ಯಾಟಿಮರ್‌ನಲ್ಲಂತೂ ದಕ್ಷಿಣ ಆಫ್ರಿಕಾದ ಬೋಯರ್ ಯುದ್ಧದಿಂದ ತಂದ ಒಂದು ಕುದುರೆಯ ಹೃದಯ ಹೂತು ಕಲ್ಲು ನೆಟ್ಟಿದ್ದಾರೆ. ತಮ್ಮ ನಂಬಲ್ಲ, ಫೋಟೋ ಕಳಿಸಿದ್ದೀನಿ.

ಈಗ ದುಡ್ಡಿನ ಮಾತು. ಬೋರಿಗೆ ಪಾಯಿಂಟ್ ನೋಡಿಸಿ ಆಯ್ತು, ರಿಗ್ ಲಾರಿಯವರಿಗೆ ಅಡ್ವಾನ್ಸ್ ಕೊಡಬೇಕು ಅಂದಿರಿ. ದುಡ್ಡು ಸೋಮವಾರ ಹಾಕ್ತೀನಿ, ಅದರಲ್ಲಿ ಎರಡು ಮಾತಿಲ್ಲ. ಆದರೆ ಹಿಂದಿನ ಬೋರುಗಳಲ್ಲಿ ಬಂದಿದ್ದು ಧೂಳು, ಅಡಿಕೆ ಗಿಡ ಒಣಗಿದ್ದೂ ಒಣಗಿತು. ಈ ಸಲ ಅದೇ ದುಡ್ಡಲ್ಲಿ ತಲಪರಿಗೆಯ ಹೂಳು ತೆಗೆಸಿ, ಮೇಲಿನ ಹೊಲದಲ್ಲೊಂದು ಕೃಷಿ ಹೊಂಡ ಮಾಡಿಸಿ, ಉಳಿದದ್ದಕ್ಕೆ ಡ್ರಿಪ್ ಎಳೆಸಿದರೆ ಹೇಗೆ? ಒಂದೇ ಮಳೆಗಾಲಕ್ಕೆ ನೀರು ಬರುತ್ತೆ ಅಂತ ನಾನು ಹೇಳಲ್ಲ. ಊರಲ್ಲಿ ಇನ್ನು ನಾಲ್ಕು ಮನೆಯವರು ಕೈ ಜೋಡಿಸಬೇಕು, ನೀವು ಹೇಳಿದರೆ ಕೇಳ್ತಾರೆ. ಬೇಡ, ಬೋರೇ ಆಗಬೇಕು ಅಂದರೆ ನಿಮ್ಮಿಷ್ಟ. ಲಾರಿ ಕರೆಸೋ ಮುಂಚೆ ಒಂದು ಫೋನ್ ಮಾಡಿ.

ಅಮ್ಮ, ಹುಣಸೆಹಣ್ಣು ಬಿಡಿಸಿ ಆಗಿದ್ದರೆ ಎರಡು ಕೆಜಿ ನನಗೆ ಅಂತ ಎತ್ತಿಡಿ. ಇಲ್ಲಿ ಸಿಗೋದಕ್ಕೆ ಹುಳಿಯೇ ಇಲ್ಲ.

ನಿಮ್ಮ ಮಗಳು