ಮಕ್ಕಳ ಫೋಟೊ ಹಂಚುವ ಮುನ್ನ

ಮಾನ್ಯ ಪೋಷಕರೇ,

ಶಾಲಾ ವಾರ್ಷಿಕೋತ್ಸವ ಹತ್ತಿರ ಬಂತು. ಅಂದು ಮಕ್ಕಳ ಫೋಟೊ ತೆಗೆಯಬೇಡಿ ಎಂದು ಹೇಳಲು ಈ ಪತ್ರ ಬರೆಯುತ್ತಿಲ್ಲ. ಫೋಟೊದ ಜೊತೆಗೆ ಕಣ್ಣಿಗೆ ಕಾಣದ ಏನೇನು ಹೋಗುತ್ತದೆ ಎಂಬುದು ನಿಮಗೆ ತಿಳಿದಿರಲಿ ಎಂದಷ್ಟೇ.

ಕ್ಯಾಮೆರಾ ಆ್ಯಪ್‌ಗೆ ಲೊಕೇಶನ್ ಅನುಮತಿ ಕೊಟ್ಟಿದ್ದರೆ ಪ್ರತಿ ಚಿತ್ರದ ಫೈಲಿನೊಳಗೆ ದಿನಾಂಕ, ಸಮಯ, ಫೋನಿನ ಮಾದರಿಯ ಜೊತೆ ಅಕ್ಷಾಂಶ, ರೇಖಾಂಶವೂ ದಾಖಲಾಗುತ್ತದೆ. ಜಾಗವನ್ನು ಸೂಚಿಸುವ ಈ ಸಂಖ್ಯೆಗಳಲ್ಲಿ ದಶಮಾಂಶ ಬಿಂದುವಿನ ನಂತರ ನಾಲ್ಕೇ ಅಂಕಿ ಇದ್ದರೂ ಸುಮಾರು 11 ಮೀಟರಿನಷ್ಟು ಹತ್ತಿರಕ್ಕೆ ಜಾಗ ಗೊತ್ತಾಗುತ್ತದೆ. ಮನೆಯಲ್ಲಿ ತೆಗೆದ ಹುಟ್ಟುಹಬ್ಬದ ಫೋಟೊ ಎಂದರೆ ಮನೆ ವಿಳಾಸ ಕೊಟ್ಟಂತೆಯೇ.

ಇದನ್ನು ನಿಲ್ಲಿಸಲು ಆಂಡ್ರಾಯ್ಡ್‌ನಲ್ಲಿ ಕ್ಯಾಮೆರಾ ಆ್ಯಪ್‌ನ ಸೆಟ್ಟಿಂಗ್ಸ್‌ಗೆ ಹೋಗಿ ‘ಲೊಕೇಶನ್ ಟ್ಯಾಗ್ಸ್’ ಅಥವಾ ‘ಸೇವ್ ಲೊಕೇಶನ್’ ಆಫ್ ಮಾಡಿ; ಹೆಸರು ಫೋನಿನಿಂದ ಫೋನಿಗೆ ಸ್ವಲ್ಪ ಬೇರೆ ಇರುತ್ತದೆ. ಐಫೋನಿನಲ್ಲಿ ಸೆಟ್ಟಿಂಗ್ಸ್, ಪ್ರೈವಸಿ ಅಂಡ್ ಸೆಕ್ಯುರಿಟಿ, ಲೊಕೇಶನ್ ಸರ್ವಿಸಸ್, ಕ್ಯಾಮೆರಾ, ಅಲ್ಲಿ ‘ನೆವರ್’ ಆರಿಸಿ. ಹೆಚ್ಚಿನವರು ಎಡವುವುದು ಇದರ ನಂತರ: ಈಗಾಗಲೇ ತೆಗೆದ ಚಿತ್ರಗಳಲ್ಲಿನ ವಿವರ ಇದರಿಂದ ಅಳಿಯುವುದಿಲ್ಲ. ಹಳೆಯದನ್ನು ಕಳಿಸಬೇಕಾದಾಗ ಅದರ ಸ್ಕ್ರೀನ್‌ಶಾಟ್ ತೆಗೆದು ಕಳಿಸುವುದೇ ಸುಲಭ.

ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಆಗಿಯೇ ಕಳಿಸಿದರೆ ಲೊಕೇಶನ್ ಕಳಚಿಹೋಗುತ್ತದೆ. ಆದರೆ ಚಿತ್ರ ಸ್ಪಷ್ಟವಾಗಿರಲಿ ಎಂದು ಡಾಕ್ಯುಮೆಂಟ್ ಆಗಿ ಅಥವಾ ಇಮೇಲ್‌ಗೆ ಲಗತ್ತಿಸಿ ಕಳಿಸಿದರೆ ಮೂಲ ಫೈಲು ಇದ್ದಂತೆಯೇ ಹೋಗುತ್ತದೆ, ಲೊಕೇಶನ್ ಸಮೇತ.

ಇನ್ನು ಕಣ್ಣಿಗೆ ಕಾಣುವಂಥವು. ಕೊರಳಲ್ಲಿರುವ ಐಡಿ ಕಾರ್ಡನ್ನು ಹಿಗ್ಗಿಸಿ ನೋಡಿದರೆ ಹೆಸರು, ತರಗತಿ, ನಿಮ್ಮ ಮೊಬೈಲ್ ನಂಬರ್ ಎಲ್ಲ ಓದಬಹುದು. ಅದನ್ನು ಮರೆಮಾಡಲು ಫೋಟೊದ ಮೇಲೆ ಫೋನಿನ ಹೈಲೈಟರ್‌ನಿಂದ ಗೀಚಬೇಡಿ. ಆ ಬಣ್ಣ ಅರೆಪಾರದರ್ಶಕ, ಬ್ರೈಟ್‌ನೆಸ್ ಏರಿಸಿದರೆ ಅಕ್ಷರ ಮತ್ತೆ ಮೂಡುತ್ತದೆ. ಆ ಭಾಗವನ್ನೇ ಕ್ರಾಪ್ ಮಾಡಿ ತೆಗೆದುಬಿಡಿ. ಕಾರ್ಯಕ್ರಮದ ದಿನ ಕಾರ್ಡನ್ನು ಬ್ಯಾಗಿನಲ್ಲಿ ಇಡಿಸಿದರೆ ಈ ತಾಪತ್ರಯವೇ ಇಲ್ಲ.

ಗುಂಪು ಫೋಟೊದಲ್ಲಿ ಬೇರೆಯವರ ಮಕ್ಕಳೂ ಇರುತ್ತಾರೆ. ಸ್ಟೇಟಸ್‌ಗೆ ಹಾಕುವ ಮೊದಲು ಅವರ ಮನೆಯವರನ್ನು ಕೇಳಿ. ನಿಮ್ಮ ಮಗುವನ್ನೂ ಕೇಳಿ. ಎಷ್ಟೋ ಮಕ್ಕಳು ಬೇಡ ಎನ್ನುತ್ತಾರೆ, ನಾವು ದೊಡ್ಡವರು ಕೇಳಿಸಿಕೊಳ್ಳುವುದಿಲ್ಲ. ಹಾಕಿ, ಆಮೇಲೆ ಅಳಿಸಿದರೂ ಅಷ್ಟರಲ್ಲಿ ಸ್ಕ್ರೀನ್‌ಶಾಟ್ ತೆಗೆದವರ ಬಳಿ ಅದು ಉಳಿದೇ ಇರುತ್ತದೆ.

ಶಾಲೆ ತೆಗೆಯುವ ಚಿತ್ರಗಳಿಗೂ ನಿಮ್ಮ ಒಪ್ಪಿಗೆ ಬೇಕು. ಲಗತ್ತಿಸಿದ ನಮೂನೆಯಲ್ಲಿ ಸೂಚನಾ ಫಲಕ, ಶಾಲಾ ಸಂಚಿಕೆ, ವೆಬ್‌ಸೈಟ್ ಎಂದು ಮೂರು ಸಾಲುಗಳಿವೆ. ಪ್ರತಿಯೊಂದಕ್ಕೂ ಬೇರೆ ಬೇರೆಯಾಗಿ ಹೌದು ಅಥವಾ ಬೇಡ ಎಂದು ಗುರುತು ಹಾಕಿ, ಸಹಿ ಮಾಡಿ, ಶುಕ್ರವಾರದೊಳಗೆ ತರಗತಿ ಶಿಕ್ಷಕರಿಗೆ ತಲುಪಿಸಿ. ಖಾಲಿ ಬಿಟ್ಟ ಸಾಲನ್ನು ‘ಬೇಡ’ ಎಂದೇ ತಿಳಿಯುತ್ತೇವೆ.

ಇಂತಿ ತಮ್ಮ ವಿಶ್ವಾಸಿ,
ಮುಖ್ಯೋಪಾಧ್ಯಾಯರು